ಅತ್ತೆ ಕೊಟ್ಟ ಮಿಸ್ಡ್ ಕಾಲ್

ನಮ್ಮತ್ತೆಯನ್ನು ಹುಟ್ಟಿಸುವಾಗ ದೇವರು ಹೆದರಿಕೆ ಅನ್ನುವುದನ್ನು ಹಾಕಲು ಮರೆತೇಬಿಟ್ಟಿದ್ದ. ಅವರ ಪಾಲನ್ನೂ ಸೇರಿಸಿ ನನ್ನ ತಲೆಗೇ ಸುರಿದಿರಬೇಕು. ನಾನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತು ಮಹಡಿಯ ಕಟ್ಟಡದ ಲಿಫ್ಟಿನ ಗುಂಡಿಯಲ್ಲಿ ನಿಂತು ಕೆಲಸ ಮಾಡುವಾಗ ಬಾರದ ನಡುಕ, ಅರವತ್ತಾರು ವರ್ಷದ ಈ ಹೆಂಗಸು ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ‘ಸ್ವಲ್ಪ ಹೊರಗೆ ಹೋಗಿ ಬರ್ತೀನಿ ಕಣ್ರೀ’ ಅಂದರೆ ಬರುತ್ತಿತ್ತು. ಅವರ ‘ಸ್ವಲ್ಪ’ ಎಷ್ಟು ಎಂದು ನನಗೆ ಗೊತ್ತು. ಒಮ್ಮೆ ಹಾಗೆ ಹೇಳಿ ಹೋದವರು ಪಕ್ಕದ ದೇಶದ ಗಡಿ ನೋಡಿಕೊಂಡು ಸಂಜೆ ಮನೆಗೆ ಬಂದಿದ್ದರು.

ನಾವು ಗಂಡ ಹೆಂಡತಿ ಈ ಪರದೇಶಕ್ಕೆ ಬಂದು ಎಂಟು ವರ್ಷವಾಯಿತು. ಅವಳು ಆಸ್ಪತ್ರೆಯಲ್ಲಿ ನರ್ಸು. ಪುಟ್ಟಿ ಹುಟ್ಟಿದ ಮೇಲೆ ಅವಳ ಪಾಳಿಗೂ ನನ್ನ ಪಾಳಿಗೂ ಹೊಂದಿಕೆಯಾಗದೆ, ಮಗು ನೋಡಿಕೊಳ್ಳಲು ಅತ್ತೆಯನ್ನು ಕರೆಸಿಕೊಂಡೆವು. ಮಾವ ತೀರಿಕೊಂಡಾಗ ನನ್ನ ಹೆಂಡತಿ ಇನ್ನೂ ನಡೆಯಲು ಕಲಿಯದ ಕೂಸು. ಅಲ್ಲಿಂದ ಮುಂದೆ ಅತ್ತೆ ಹಿಟ್ಟಿನ ಗಿರಣಿಯನ್ನು ಒಬ್ಬರೇ ನಡೆಸಿ, ಮಗಳನ್ನು ಓದಿಸಿ, ನನ್ನಂಥ ಮುಂಗೋಪಿಗೆ ಕೊಟ್ಟು ಮದುವೆ ಮಾಡಿದರು. ಗಿರಣಿಗೆ ರಜೆಯೆಂಬುದಿಲ್ಲ. ಬೆಳಕು ಹರಿಯುವ ಮೊದಲೇ ಯಾರಾದರೂ ಡಬ್ಬಿ ಹಿಡಿದು ಬಂದು ಬಾಗಿಲು ಬಡಿಯುತ್ತಿದ್ದರಂತೆ. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಅವರ ಗಂಟಲು ಆ ಎತ್ತರದಲ್ಲೇ ನಿಂತುಬಿಟ್ಟಿದೆ. ಮೆಲ್ಲಗೆ ಮಾತಾಡಿ ಅತ್ತೆ ಅಂದರೆ, ‘ಮೆಲ್ಲಗೇ ತಾನೆ ಮಾತಾಡ್ತಿರೋದು!’ ಎಂದು ಕೆಳಗಿನ ಮನೆಗೂ ಕೇಳುವಂತೆ ಹೇಳುತ್ತಾರೆ.

ಮೊದಲ ವರ್ಷ ಅತ್ತೆ ಮನೆ ಬಿಟ್ಟು ಕದಲಲಿಲ್ಲ. ಆಮೇಲೆ ಅವರಿಗೆ ಹಿರಿಯರ ಪಾಸು ಬಂತು. ಊರಿನ ಬಸ್ಸುಗಳಲ್ಲಿ, ಎಲ್ಲ ಕಡೆ ನಿಂತು ನಿಂತು ಹೋಗುವ ನಿಧಾನದ ರೈಲುಗಳಲ್ಲಿ ಅದು ನಡೆಯುತ್ತದೆ. ನಾನು ಸುಮ್ಮನಿರಲಾರದೆ ಅದನ್ನೆಲ್ಲ ವಿವರಿಸಿದೆ.

‘ಪ್ರತಿ ಸಲ ದುಡ್ಡು ಕೊಡ್ಬೇಕಾಗಿಲ್ವಾ?’

‘ಇಲ್ಲ ಅತ್ತೆ.’

‘ಎಷ್ಟು ಸಲ ಹತ್ತಿದ್ರೂ?’

‘ಎಷ್ಟು ಸಲ ಹತ್ತಿದ್ರೂ.’

‘ಹಂಗಾದ್ರೆ ಮನೇಲಿ ಕೂತಿರೋದೇ ನಷ್ಟ ಅಲ್ವೇನ್ರೀ?’

ಮುಗಿಯಿತು. ಅವತ್ತಿನಿಂದ ಮಗಳಿಗೆ ರಜೆಯಿರುವ ದಿನ ಪುಟ್ಟಿಯನ್ನು ಅವಳ ಮಡಿಲಿಗೆ ಹಾಕಿ ಅತ್ತೆ ಹೊರಟುಬಿಡುತ್ತಿದ್ದರು. ಅವರ ಪ್ರವಾಸಕ್ಕೆ ಒಂದೇ ನಿಯಮ. ಯಾವ ಬಸ್ಸೇ ಹತ್ತಲಿ, ರೈಲೇ ಹತ್ತಲಿ, ಇಳಿಯುವುದು ಕಟ್ಟಕಡೆಯ ನಿಲ್ದಾಣದಲ್ಲಿ. ‘ನಡುವೆ ಇಳಿಯೋಕೆ ಹೋದ್ರೆ ತಾನೆ ಎಲ್ಲಿ ಅಂತ ಗಾಬರಿ? ಕೊನೇಲಿ ಎಲ್ಲರೂ ಇಳೀತಾರೆ, ನಾನೂ ಇಳೀತೀನಿ. ಬರೋವಾಗ ಅದೇ ನಂಬರು ಹತ್ತೋದು. ಇದರಲ್ಲಿ ಕಳೆದುಹೋಗೋಕೆ ಏನಿದೆ?’ ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದರು. ಯಾವ ನಿಲ್ದಾಣದ ನಲ್ಲಿಯಲ್ಲಿ ಕುಡಿಯುವ ನೀರು ಬರುತ್ತದೆ, ಎಲ್ಲಿಯ ಶೌಚಾಲಯ ಬಿಟ್ಟಿ, ಯಾವ ಊರಿನ ಗ್ರಂಥಾಲಯದಲ್ಲಿ ಚಳಿಗೆ ಬೆಚ್ಚಗೆ ಕೂತು ಕಾಲು ಚಾಚಬಹುದು, ಎಲ್ಲ ಬಾಯಿಪಾಠ. ಹೋಟೆಲಿಗೆ ಕಾಲಿಟ್ಟವರಲ್ಲ.

ಭಾಷೆಯ ಗತಿಯೇನು ಅಂದಿರಾ? ಅವರು ಕನ್ನಡದಲ್ಲೇ ಕೇಳುತ್ತಾರೆ, ಗಿರಣಿಯ ದನಿಯಲ್ಲಿ. ಎದುರಿನವರು ಬೆಚ್ಚಿಬಿದ್ದು ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಾರೆ. ಇಬ್ಬರೂ ತಲೆಯಾಡಿಸುತ್ತಾರೆ, ಕೆಲಸವಾಗುತ್ತದೆ. ‘ಅವರ ಮಾತು ನಂಗೆ ಬರಲ್ಲ, ನಿಜ. ನಂದು ಅವರಿಗೆ ಬರತ್ತಾ? ಸರಿಹೋಯ್ತಲ್ಲ, ಇದರಲ್ಲಿ ನಾಚ್ಕೆ ಪಡೋದು ಯಾಕೆ?’ ಎಂಟು ವರ್ಷದಿಂದ ಆ ಭಾಷೆ ಕಲಿಯುತ್ತಾ ಅಂಗಡಿಯವನ ಮುಂದೆ ಇನ್ನೂ ತಡವರಿಸುವ ನನಗೆ ಈ ಮಾತು ಕೇಳಿ ಮೈ ಉರಿದುಹೋಗಿತ್ತು.

ಹೀಗೆ ಎರಡು ವರ್ಷ ನಡೆಯಿತು. ಪುಟ್ಟಿಯನ್ನು ಶಾಲೆಗೆ ಸೇರಿಸುವ ಹೊತ್ತು ಬಂತು. ಅತ್ತೆ ಊರಿಗೆ ಮರಳಿ ಗಿರಣಿ ತೆರೆಯುವುದೆಂದು ನಿಶ್ಚಯವಾಯಿತು. ಆಗ ಒಂದು ದಿನ ಊಟದ ನಡುವೆ ಅವರು ಬಾಂಬು ಹಾಕಿದರು. ಉತ್ತರದ ರೈಲು ಹಳಿ ಮುಗಿಯುವಲ್ಲಿ, ಸರೋವರದ ದಂಡೆಯಲ್ಲಿ ಒಂದು ಊರಿದೆಯಂತೆ. ನಿಧಾನದ ರೈಲಿನಲ್ಲಿ ಹೋಗಲಿಕ್ಕೇ ಆರೇಳು ಗಂಟೆ ಹಿಡಿಯುತ್ತದೆ. ಹಾಗಾಗಿ ರಾತ್ರಿ ಅಲ್ಲೇ ಉಳಿದು ಮಾರನೆಯ ದಿನ ಬರುತ್ತೇನೆ ಎಂದರು.

ನನ್ನ ಹೆಂಡತಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ‘ಹಗಲು ಹೋಗಿ ಸಂಜೆ ಬರೋದು ಬೇರೆ. ಲಾಡ್ಜಲ್ಲಿ ಒಬ್ಬಳೇ ಮಲಗ್ತೀಯಾ? ನಿನ್ಗೆ ಬಿಪಿ ಇದೆ, ಶುಗರ್ ಇದೆ.’

‘ಅವೂ ನನ್ ಜೊತೇಲಿ ಬರ್ತವೆ ಬಿಡು. ಒಬ್ಬಳೇ ಎಲ್ಲಾಯ್ತು?’

‘ತಮಾಷೆ ಬೇಡಮ್ಮ. ಅಷ್ಟು ಆಸೆ ಇದ್ರೆ ಎಲ್ಲರೂ ಸೇರಿ ಹೋಗೋಣ.’

‘ಎಲ್ಲರೂ ಬಂದ್ರೆ ಬುತ್ತಿ ಕಟ್ಟೋರು ಯಾರು? ಪುಟ್ಟಿ ಮುಖ ತೊಳ್ಸೋರು ಯಾರು? ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸೋರು ಯಾರು? ಅದನ್ನ ಇಲ್ಲೇ ಮಾಡ್ತಿದೀನಲ್ಲ, ಅಷ್ಟು ದೂರ ಯಾಕೆ ಹೋಗ್ಲಿ?’

‘ಬೇಡ ಅಂದ್ರೆ ಬೇಡ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಏನ್ಮಾಡ್ಲಿ?’ ಎಂದು ಇವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಆಸ್ಪತ್ರೆಯಲ್ಲಿ ದಿನಾ ಬಿದ್ದವರನ್ನು, ಕುಸಿದವರನ್ನು ನೋಡುವವಳು. ಅವಳ ಭಯ ಸುಳ್ಳೇನಲ್ಲ.

ಮಾರನೆಯ ದಿನ ನಾನು ಬೂಟಿನ ದಾರ ಕಟ್ಟುತ್ತಿದ್ದಾಗ ಅತ್ತೆ ಬಂದು ಎದುರಿಗೆ ಕೂತರು. ಅವರ ದನಿ ನಿಜವಾಗಿಯೂ ತಗ್ಗಿತ್ತು. ನನಗೆ ಅದೇ ಗಾಬರಿಯಾಯಿತು.

‘ಸರೋವರ ಗಿರೋವರ ಎಲ್ಲ ನೆಪ ಕಣ್ರೀ. ಕೀಲಿಕೈ ನನ್ ಹತ್ರ ಇರೋ ಒಂದು ಕೋಣೆ ಬೇಕು. ಒಳಗಿಂದ ಚಿಲಕ ಹಾಕ್ಕೊಂಡು ಮಲಗ್ಬೇಕು, ಯಾರೂ ಎಬ್ಬಿಸಬಾರ್ದು. ಹುಟ್ಟಿದಾಗಿಂದ ಅಂಥ ಒಂದು ರಾತ್ರಿ ಕಂಡಿಲ್ಲ. ಊರಿಗೆ ಹೋದ್ರೆ ಮತ್ತೆ ಅದೇ ಗಿರಣಿ. ಒಂದೇ ರಾತ್ರಿ, ಅಷ್ಟೇ.’

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೆಂಡತಿಗೆ ತಿಳಿಯದಂತೆ ಆ ಊರಿನಲ್ಲಿ ಇರುವುದರಲ್ಲೇ ಅಗ್ಗದ ಕೋಣೆಯೊಂದನ್ನು ಹುಡುಕಿ ಗೊತ್ತು ಮಾಡಿದೆ. ಒಂದೇ ಮಂಚ, ಬಚ್ಚಲು ಎಲ್ಲರಿಗೂ ಸೇರಿ ಒಂದು. ‘ಸಾಕು ಬಿಡಿ, ನಾನೇನು ಬಚ್ಚಲಲ್ಲಿ ಮಲಗ್ತೀನಾ?’ ಅಂದರು. ನನಗೆ ರಜೆ, ಇವಳಿಗೆ ಹಗಲು ಪಾಳಿ ಇರುವ ದಿನ ಆರಿಸಿಕೊಂಡೆವು. ಅತ್ತೆ ಅಲ್ಲಿ ಮುಟ್ಟಿ ಫೋನ್ ಮಾಡಬೇಕು, ಆಮೇಲೆ ನಾನು ಇವಳಿಗೆ ಹೇಳಬೇಕು. ‘ಬೈಸ್ಕೊಳ್ಳೋದು ಮಾತ್ರ ನಿಮ್ ಪಾಲು’ ಎಂದು ಚೀಲ ಹೆಗಲಿಗೇರಿಸಿ ಬೆಳಿಗ್ಗೆಯೇ ನಡೆದುಬಿಟ್ಟರು.

ಹಾಳಾದ ರಜೆ! ಮಧ್ಯಾಹ್ನ ಯಾವುದೋ ಕಚೇರಿಯ ಲಿಫ್ಟು ಜನರ ಸಮೇತ ನಡುವೆ ನಿಂತಿತೆಂದು ಕಂಪನಿಯಿಂದ ಕರೆ ಬಂತು. ಪುಟ್ಟಿಯನ್ನು ಕೆಳಗಿನ ಮನೆಯ ದರ್ಜಿಯಮ್ಮನ ಹತ್ತಿರ ಬಿಟ್ಟು ಓಡಿದೆ. ಫೋನು ಮೇಲಿನ ಯಂತ್ರದ ಕೋಣೆಯಲ್ಲಿ, ಸಾಮಾನಿನ ಚೀಲದಲ್ಲಿ ಉಳಿಯಿತು. ಎಲ್ಲ ಸರಿಮಾಡಿ ಗ್ರೀಸು ಮೆತ್ತಿದ ಕೈಯಲ್ಲಿ ಅದನ್ನು ತೆಗೆದು ನೋಡುತ್ತೇನೆ, ಅತ್ತೆಯದೊಂದು ಮಿಸ್ಡ್ ಕಾಲ್. ಮರಳಿ ಮಾಡಿದರೆ ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಸ್ವಿಚ್ ಆಫ್. ಯಾವುದೋ ಕಷ್ಟದಲ್ಲಿ ಕರೆದಿದ್ದಾರೆ, ನಾನು ಎತ್ತಲಿಲ್ಲ, ಅಷ್ಟರಲ್ಲಿ ಫೋನೂ ಹೋಯಿತು. ವಸತಿಗೃಹಕ್ಕೆ ಮಾಡಿದರೆ ಅಲ್ಲಿ ಎತ್ತುವವರೇ ಗತಿಯಿಲ್ಲ.

ಸಂಜೆ ಇವಳು ಬಂದು ‘ಅಮ್ಮ ಎಲ್ರೀ?’ ಅಂದಳು. ಬಾಯಿಬಿಟ್ಟೆ. ಆಮೇಲೆ ನಡೆದದ್ದನ್ನು ಬರೆಯುವುದು ಬೇಡ. ನನ್ನ ಹಿಂದಿನ ತಲೆಮಾರಿನವರಿಗೂ ಸೇರಿಸಿ ಮಂಗಳಾರತಿಯಾಯಿತು. ಪೊಲೀಸಿಗೆ ಫೋನ್ ಮಾಡಿದರೆ, ವಯಸ್ಸಾದವರು ಫೋನ್ ಆಫ್ ಮಾಡಿಕೊಂಡರೆ ಅದು ಅಪರಾಧವಲ್ಲ, ಬೆಳಗಿನ ತನಕ ನೋಡಿ ಎಂದರು. ಪುಟ್ಟಿಯನ್ನು ಮತ್ತೆ ದರ್ಜಿಯಮ್ಮನಿಗೆ ಒಪ್ಪಿಸಿ, ನಸುಕಿಗೆ ಕಂಪನಿಯ ವ್ಯಾನು ಕೇಳಿ ತಂದು ಇಬ್ಬರೂ ಹೊರಟೆವು. ಹಿಂದೆ ಸಲಕರಣೆಗಳು ಕುಲುಕಾಡುತ್ತಿದ್ದವು, ಪಕ್ಕದಲ್ಲಿ ಇವಳು ಕ್ಷಣಕ್ಕೊಮ್ಮೆ ಅಮ್ಮನ ನಂಬರು ಒತ್ತುತ್ತಿದ್ದಳು.

ಅರ್ಧ ದಾರಿಯಲ್ಲಿ ನನ್ನ ಫೋನು ಕೈಗೆತ್ತಿಕೊಂಡು ನೋಡಿದವಳು ಕೇಳಿದಳು.

‘ಇದೊಂದೇ ಕಾಲಾ ಬಂದಿದ್ದು?’

‘ಹೂಂ, ಒಂದೇ.’

‘ಮೂರೇ ಸೆಕೆಂಡು ಅಂತಿದೆ ಇದ್ರಲ್ಲಿ, ಒಂದು ರಿಂಗಿಗೇ ನಿಂತಿದೆ. ಅಯ್ಯೋ ನನ್ ಕರ್ಮವೇ!’ ಎಂದು ಹಣೆ ಚಚ್ಚಿಕೊಂಡಳು. ‘ಹಾಸ್ಟೆಲ್ಲಿಗೆ ಹೋದಾಗೆಲ್ಲ ನಾನು ಅಮ್ಮಂಗೆ ಹಿಂಗೇ ಕೊಡ್ತಿದ್ದೆ. ಒಂದು ರಿಂಗು ಅಂದ್ರೆ ಕ್ಷೇಮವಾಗಿ ತಲುಪಿದೆ ಅಂತ. ಎತ್ತಿ ದುಡ್ಡು ದಂಡ ಮಾಡ್ಬೇಡ ಅಂತ. ಚಾರ್ಜು ಉಳೀಲಿ ಅಂತ ಆಫ್ ಮಾಡಿಟ್ಟಿದಾಳೆ, ಮನೇಲೂ ಹಂಗೇ ಮಾಡ್ತಾಳಲ್ಲ.’

ನನಗೂ ತಟ್ಟನೆ ನೆನಪಾಯಿತು. ನಾವೂ ಒಂದು ಕಾಲದಲ್ಲಿ ಹಾಗೇ ಬದುಕಿದವರು, ಇಲ್ಲಿಗೆ ಬಂದು ಮರೆತಿದ್ದೆವು. ‘ಹಾಗಾದ್ರೆ ವಾಪಸ್ ತಿರುಗಿಸ್ಲಾ?’ ಅಂದೆ.

‘ತಿರುಗ್ಸೋದೇನು? ನಡೀರಿ ನೀವು. ಹೋಗಿ ಎಬ್ಬಿಸಿ, ಈ ವ್ಯಾನಲ್ಲೇ ಕೂರಿಸ್ಕೊಂಡು ಬರ್ತೀನಿ. ರಾತ್ರಿಯಿಡೀ ನಾನಿಲ್ಲಿ ಸತ್ತು ಹುಟ್ಟಿದೀನಿ.’ ಭಯ ಇಳಿದ ಜಾಗಕ್ಕೆ ಕೋಪ ಏರಿ ಕುಳಿತಿತ್ತು.

ವಸತಿಗೃಹ ನಿಲ್ದಾಣದ ಎದುರಿಗೇ ಇತ್ತು. ಬಿಸಿಲು ಚೆನ್ನಾಗಿ ಏರಿತ್ತು. ಕೆಳಗೆ ಮುದುಕನೊಬ್ಬ ತಿಂಡಿಯ ತಟ್ಟೆಗಳನ್ನು ಒರೆಸಿ ಜೋಡಿಸುತ್ತಿದ್ದ. ಅತ್ತೆಯ ಬಗ್ಗೆ ಕೇಳಿದರೆ ನಕ್ಕು ಮೇಲಕ್ಕೆ ಕೈ ತೋರಿಸಿದ. ಎರಡೂ ಅಂಗೈ ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದ, ಆಮೇಲೆ ಬೆರಳೆತ್ತಿ ಗದರಿಸುವವನಂತೆ ಆಡಿಸಿದ. ರಾತ್ರಿ ಅತ್ತೆ ಅವನಿಗೆ ಆಜ್ಞೆ ಮಾಡಿದ ಬಗೆ ಅದು. ಇನ್ನೂ ಕೆಳಗಿಳಿದಿಲ್ಲ ಅಂದ.

ಇವಳು ಮರದ ಮೆಟ್ಟಿಲನ್ನು ಧಡಧಡ ಹತ್ತಿದಳು, ಹಿಂದೆ ನಾನು. ಬಾಗಿಲ ಮುಂದೆ ನಿಂತು ಬಡಿಯಲು ಮುಷ್ಟಿ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

ಒಳಗಿನಿಂದ ಗೊರಕೆ ಕೇಳುತ್ತಿತ್ತು. ಸಣ್ಣಪುಟ್ಟದ್ದಲ್ಲ, ಬಾಗಿಲ ಚಿಲಕ ಅಲುಗಾಡುವಂಥ ಗೊರಕೆ. ಏರುತ್ತಿತ್ತು, ತುದಿಯಲ್ಲಿ ಒಂದಿಷ್ಟು ನಿಲ್ಲುತ್ತಿತ್ತು, ಮತ್ತೆ ಯಾರ ಹಂಗೂ ಇಲ್ಲದೆ ಇಳಿಯುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಇವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

‘ರೀ, ನಮ್ಮಮ್ಮ ಗೊರಕೆ ಹೊಡೀತಾಳಾ?’ ಎಂದು ಪಿಸುಗುಟ್ಟಿದಳು.

‘ನಿನಗೆ ಗೊತ್ತಿಲ್ವಾ?’

‘ನಾನು ಯಾವತ್ತೂ ಕೇಳೇ ಇಲ್ಲ ಕಣ್ರೀ. ನಾನು ಮಲಗೋವಾಗ ಎದ್ದಿರ್ತಿದ್ಲು, ಏಳೋವಾಗ್ಲೂ ಎದ್ದಿರ್ತಿದ್ಲು. ಇಲ್ಲಿ ಪುಟ್ಟಿ ಮಗ್ಗುಲು ಬದಲಿಸಿದ್ರೂ ಎದ್ದು ಕೂರ್ತಾಳೆ. ನಂಗೆ ಮೂವತ್ತೆರಡು ವರ್ಷ ಆಯ್ತು, ಅಮ್ಮ ನಿದ್ದೆ ಮಾಡಿದ್ದನ್ನ ನಾನು ನೋಡೇ ಇಲ್ಲ.’

ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಮುಷ್ಟಿ ಬಿಚ್ಚಿ ಕೈ ಇಳಿಸಿದಳು. ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು, ನನಗೂ ಕಳಚುವಂತೆ ಸನ್ನೆ ಮಾಡಿ, ಕಳ್ಳರ ಹಾಗೆ ಮೆಟ್ಟಿಲಿಳಿದಳು. ಕೆಳಗಿನ ಮುದುಕನಿಗೆ, ನಾವು ಬಂದದ್ದನ್ನು ಹೇಳಬೇಡಿ ಎಂದು ಕೈಮುಗಿದಳು. ನಾವು ಸರೋವರದ ಕಡೆ ತಿರುಗಿಯೂ ನೋಡದೆ ವ್ಯಾನು ಹತ್ತಿದೆವು.

ಅತ್ತೆ ಮನೆ ಸೇರುವಾಗ ದೀಪ ಹಚ್ಚಿಯಾಗಿತ್ತು. ಮಗಳು ಕೂಗಾಡುತ್ತಾಳೆಂದು ಎದೆ ಸೆಟೆಸಿಕೊಂಡೇ ಒಳಗೆ ಬಂದರು. ‘ನೋಡು, ಬೈಯೋದಾದ್ರೆ ಬೈದುಬಿಡು. ನಂಗೇನೂ ಆಗಿಲ್ಲ. ಹೊತ್ತು ನೆತ್ತಿಗೆ ಬರೋವರೆಗೂ ಮಲಗಿದ್ದೆ ಕಣೇ! ಒಂದು ನರಪಿಳ್ಳೇನೂ ಬಾಗಿಲು ಬಡೀಲಿಲ್ಲ!’ ಎಂದು ಮನೆ ಕಿತ್ತುಹೋಗುವಂತೆ ಸಾರಿದರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ನನ್ನ ಹೆಂಡತಿ ಅವರ ಹೆಗಲ ಚೀಲ ಇಳಿಸಿಕೊಂಡಳು.

‘ಇನ್ನೊಂದು ರಾತ್ರಿ ಇದ್ದು ಬರಬಹುದಿತ್ತಲ್ಲಮ್ಮ’ ಅಂದಳು.

ಅತ್ತೆ ಬಾಯಿಬಿಟ್ಟುಕೊಂಡು ಅವಳನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ಏನ್ರೀ ಇದು? ಇವಳಿಗೆ ಮೈಯಲ್ಲಿ ಹುಷಾರಾಗಿದೆ ತಾನೆ?’