ಹಬ್ಬಕ್ಕೆ ಸ್ವಚ್ಛ ಮಾಡಿದ ಕಂಪ್ಯೂಟರ್

ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಲಿನಕ್ಸ್ ಕಮಾಂಡ್ ಕಲಿಯಲೇಬೇಕು ಅನ್ನುವುದು ನನ್ನಣ್ಣನ ಹಟವಾಗಿತ್ತು. ಅವನು ಸೊರಬದಲ್ಲಿ ನಿವೃತ್ತ ಮೇಷ್ಟ್ರು. ನಾನು ಶಿಕಾರಿಪುರದಲ್ಲಿ ಡಿಟಿಪಿ ಅಂಗಡಿ ನಡೆಸುವವಳು. ಲಗ್ನಪತ್ರಿಕೆ, ಶಿವಗಣಾರಾಧನೆಯ ಕಾರ್ಡು, ಪಹಣಿ ಪ್ರಿಂಟು ಅಂತ ಮೌಸ್ ಹಿಡಿದೇ ಬದುಕಿದವಳು. ಅವನ ಹಳೇ ಕಂಪ್ಯೂಟರ್ ತೆವಳತೊಡಗಿದಾಗ ಯಾರೋ ಶಿಷ್ಯ ಬಂದು ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟ. ಅಲ್ಲಿಂದ ಹುಚ್ಚು ಹಿಡಿಯಿತು. ನಾನು ಹೋದಾಗಲೆಲ್ಲ ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ತೆರೆದು ಕೂರಿಸಿಕೊಳ್ಳುತ್ತಿದ್ದ.

"ಗಾಡಿ ಇಟ್ಕಂಡೋರಿಗೆ ಪ್ಲಗ್ ಬಿಚ್ಚಿ ಒರಸಕ್ಕಾದ್ರೂ ಬರ್ಬೇಕಲ್ಲೇನೆ? ಎಲ್ಲದಕ್ಕೂ ಮೆಕ್ಯಾನಿಕ್ ಹತ್ರ ಓಡ್ತೀಯಾ?" ಅನ್ನುತ್ತಿದ್ದ.

"ಓಡ್ತೀನಿ. ಅವ್ರ ಹೊಟ್ಟೆನೂ ತುಂಬಬೇಕಲ್ಲ" ಅನ್ನುತ್ತಿದ್ದೆ. ಅತ್ತಿಗೆ ಒಳಗಿನಿಂದಲೇ ನಗುತ್ತಿದ್ದಳು.

ಅವ್ವ ಇರುವುದು ಅಣ್ಣನ ಮನೆಯಲ್ಲೇ. ಒಂದು ಕಾಲದಲ್ಲಿ ಉಳವಿ ಸುತ್ತಮುತ್ತ ಅವಳ ಸೋಬಾನೆ ಹಾಡಿಲ್ಲದೆ ಮದುವೆ ಆಗುತ್ತಿರಲಿಲ್ಲ. ಲಕ್ವ ಹೊಡೆದ ಮೇಲೆ ಮಾತೂ ಹೋಯಿತು, ಹಾಡೂ ಹೋಯಿತು. ಅದಕ್ಕೆ ಮುಂಚೆ ನನ್ನ ಫೋನಿನಲ್ಲಿ ಒಂದಿಷ್ಟು ಹಾಡು ರೆಕಾರ್ಡ್ ಮಾಡಿ ಅಣ್ಣನ ಕಂಪ್ಯೂಟರಿಗೆ ಹಾಕಿದ್ದೆ. ಆ ಫೋನು ಹಾಳಾಗಿ ಹೋಯಿತು. ಸಂಜೆಯಾದರೆ ಅವ್ವ ಎಡಗೈ ಎತ್ತಿ ಕಂಪ್ಯೂಟರ್ ಕಡೆ ತೋರಿಸುತ್ತಿದ್ದಳು. ಅಣ್ಣ ಪರದೆಯ ಮೇಲೆ ಹಾಡಿಗೆಂದು ಇಟ್ಟಿದ್ದ ಚಿಕ್ಕ ಚಿತ್ರ ಒತ್ತುತ್ತಿದ್ದ. ಅವ್ವ ತನ್ನ ದನಿಯನ್ನೇ ಕೇಳುತ್ತಾ ಮಲಗಿರುತ್ತಿದ್ದಳು. ಅವಳಿಗೆ ಉಳಿದಿದ್ದ ಸುಖ ಅದೊಂದೇ.

ಆಯುಧಪೂಜೆ ಬಂತು. ನಮ್ಮಲ್ಲಿ ಕುಡುಗೋಲಿನಿಂದ ಮಿಕ್ಸಿಯವರೆಗೆ ಎಲ್ಲವನ್ನೂ ತೊಳೆದು ಒರೆಸಿ ವಿಭೂತಿ ಹಚ್ಚಬೇಕು. ಅಣ್ಣ ಕಂಪ್ಯೂಟರಿನ ಧೂಳು ಹೊಡೆದ. ಹೊರಗೆ ಮಾತ್ರ ಒರೆಸಿದರೆ ಆಯಿತೇ ಅಂತ ಒಳಗಿನ ಕಸಕ್ಕೂ ಕೈ ಹಾಕಿದ. ಬೇಡದ್ದನ್ನೆಲ್ಲ ತುಂಬುತ್ತಾ ಬಂದಿದ್ದ ಒಂದು ಫೋಲ್ಡರ್ ಇತ್ತು. ಅದನ್ನು ಒಂದೇ ಕಮಾಂಡಿನಲ್ಲಿ ಅಳಿಸಿದ. ಅವ್ವನ ಹಾಡುಗಳೂ ಎಂದೋ ಅದರೊಳಗೇ ಸೇರಿದ್ದವು. ದಿನಾ ಚಿತ್ರ ಒತ್ತಿ ಹಾಡು ಹಾಕುವವನಿಗೆ ಹಾಡು ಇರುವುದೆಲ್ಲಿ ಅನ್ನುವುದು ಮರೆತೇ ಹೋಗಿತ್ತು.

ಪೂಜೆಗೆ ಇಟ್ಟದ್ದು ಅಂತ ಆ ದಿನ ಮತ್ತೆ ಕಂಪ್ಯೂಟರ್ ಮುಟ್ಟಲಿಲ್ಲ. ಮರುದಿನ ಹಬ್ಬದ ಫೋಟೋ, ವಿಡಿಯೋಗಳನ್ನೆಲ್ಲ ಅದಕ್ಕೆ ಹಾಕಿದ. ಸಂಜೆ ನನಗೆ ಫೋನ್ ಬಂತು.

"ಹಾಡು ಬರ್ತಿಲ್ಲ ಕಣೆ. ಕಸದ ಬುಟ್ಟೀಲಿ ನೋಡಿದೆ, ಅಲ್ಲೂ ಏನಿಲ್ಲ."

ಕಮಾಂಡಿನಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ. ಇದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಕಲಿಸುವ ಮೇಷ್ಟ್ರಿಗೇ ಗೊತ್ತಿರಲಿಲ್ಲ ಅಂತ ಸಿಟ್ಟು ನೆತ್ತಿಗೇರಿತು. ಆದರೆ ಫೋನಿನಲ್ಲಿ ಅವನ ಉಸಿರು ಕೇಳಿ ಬಯ್ಯಲಾಗಲಿಲ್ಲ.

ಶಿವಮೊಗ್ಗದಲ್ಲಿ ರಿಪೇರಿಯವರಿಗೆ ತೋರಿಸಿದೆವು. "ಅಳಿಸಿದ ಜಾಗದಲ್ಲಿ ಹೊಸ ಫೋಟೋ, ವಿಡಿಯೋ ಕೂತುಬಿಟ್ಟಿವೆ ರೀ, ಹಳೇದು ಬರಲ್ಲ" ಅಂದರು.

ಒಮ್ಮೊಮ್ಮೆ ಅಂಗಡಿಗೆ ಬರುವವರು ಲಿನಕ್ಸ್ ಕಮಾಂಡ್ ಕಲಿಯಬೇಕಾ ಅಂತ ಕೇಳುತ್ತಾರೆ. ಮೌಸಿನಲ್ಲಿ ಅಳಿಸಿದರೆ ನಿಜವಾಗಿಯೂ ಬೇಡವಾ ಅಂತ ಕಂಪ್ಯೂಟರ್ ಕೇಳುತ್ತದೆ, ಬುಟ್ಟಿಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಕಪ್ಪು ಪರದೆ ನಾವು ಹೇಳಿದ್ದನ್ನು ನಂಬಿಬಿಡುತ್ತದೆ. ನಮ್ಮಂಥವರನ್ನು ಅಷ್ಟು ನಂಬಬಾರದು ಅನ್ನಿಸುತ್ತದೆ. ಹಾಗಂತ ಕಲಿಯಬೇಡಿ ಅನ್ನಲೂ ಬಾಯಿ ಬರುವುದಿಲ್ಲ. ಇನ್ನೊಂದು ಕಡೆ ಕಾಪಿ ಇಟ್ಟು ಆಮೇಲೆ ಕಲಿಯಿರಿ ಅನ್ನುತ್ತೇನೆ.

ಹೋದ ವಾರ ಸೊರಬಕ್ಕೆ ಹೋಗಿದ್ದೆ. ಸಂಜೆ ಅವ್ವ ಕೈ ಎತ್ತಿ ತೋರಿಸಿದಳು. ಅಣ್ಣ ಹತ್ತಿರ ಹೋಗಿ ಅವಳ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟ.

"ಕರೆಂಟಿಲ್ಲ ಕಣವ್ವ" ಅಂದ.

ಅವ್ವ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮಗನ ಮುಖ ನೋಡಿ, ಆಯಿತು ಅನ್ನುವಂತೆ ತಲೆಯಾಡಿಸಿದಳು.