ಎರಡನೇ ಮನೆಯ ಅಲಸಂದೆ

"ಅಕಾಲದ ಮಳೆಗೆ ಗದ್ದೇಲಿ ನೀರು ನಿಂತು ಅಲಸಂದೆ ಸಸಿ ಎಲ್ಲ ಕೊಳ್ತು ಹೋಯ್ತು ತಂಗಿ. ಮನೇಲಿದ್ದ ಬೀಜ ಅಷ್ಟೂ ಬಿತ್ತಿದ್ದೆ. ನಿನ್ನತ್ರ ಕೊಟ್ಟಿದ್ದು ಇದ್ಯಲ, ನಾಡಿದ್ದು ಬಂದು ತಗೊಂಡ್ಹೋಗ್ತೀನಿ."

ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಆಚೆಯಿಂದ ಫೋನ್ ಮಾಡಿದ, ನನಗೆ ಬೀಜ ಕೊಟ್ಟಿದ್ದ ಅಮ್ಮನಿಗೆ "ಬನ್ನಿ" ಎಂದೆ. ಹಾಗಂದ ಮೇಲೆ ನೆನಪಾಯಿತು, ಅವರ ಬೀಜದ ಲಕೋಟೆಯನ್ನು ಮಳೆಗಾಲಕ್ಕೆ ಮೊದಲು ಕಪಾಟಿಗೆ ಹಾಕಿದವಳು ಮತ್ತೆ ತೆರೆದೇ ನೋಡಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳನ್ನು ಸುತ್ತಿ ಹಳೆಯ ಅಲಸಂದೆ ತಳಿಗಳ ಬೀಜ ಒಟ್ಟುಮಾಡುವುದು ಸಾಗರದ ಬೀಜ ಸಂಶೋಧನಾ ಕೇಂದ್ರದಲ್ಲಿ ನನ್ನ ಕೆಲಸ. ಹಿಂದಿನ ಬೇಸಿಗೆಯಲ್ಲಿ ಆ ಅಮ್ಮನ ಗದ್ದೆಗೆ ಹೋದಾಗ ಪಕ್ಕದವರ ಪೇಟೆ ಬೀಜದ ಅಲಸಂದೆಗೆ ಗಿಡದ ರಸ ಹೀರುವ ಹೇನು ಮುತ್ತಿ ಬಳ್ಳಿಯೇ ಕಪ್ಪಾಗಿತ್ತು. ಇವರ ಬಳ್ಳಿಯಲ್ಲಿ ಒಂದೇ ಒಂದು ಹೇನಿರಲಿಲ್ಲ. ನಮ್ಮ ವಿಜ್ಞಾನಿಗಳಿಗೆ ಹೇಳಿದರೆ ಕುರ್ಚಿಯಿಂದ ಎದ್ದೇ ನಿಂತರು. "ಹೊಸ ತಳಿಗೆ ಬೇಕಾದ ಗುಣ ಇದರಲ್ಲೇ ಇರಬಹುದು. ಜೋಪಾನ" ಎಂದರು.

ಬೀಜ ಕೊಡುವ ದಿನ ಆ ಅಮ್ಮ ಹುಳ ಹಿಡಿಯದಂತೆ ಬೂದಿ ಬೆರೆಸಿಟ್ಟ ಕಾಳನ್ನು ಮೊರಕ್ಕೆ ಸುರಿದು ಸರಿಯಾಗಿ ಎರಡು ಪಾಲು ಮಾಡಿದರು. ಅರ್ಧ ಕೆಂಪು, ಅರ್ಧ ಬಿಳುಪಿನ ಪುಟ್ಟ ಕಾಳು. "ಬೀಜ ಎರಡು ಮನೇಲಿರ್ಬೇಕು. ಒಂದು ಮನೇದು ಹೋದ್ರೆ ಇನ್ನೊಂದು ಮನೇದು. ಮೊದ್ಲು ನನ್ನ ತಂಗಿ ಮನೇಲಿ ಇರ್ತಿತ್ತು. ಅವ್ಳು ತೀರ್ಕೊಂಡ್ಮೇಲೆ ಯಾರೂ ಇಲ್ಲ. ಇನ್ನು ನೀನೇ." ನಾನು ತಲೆಯಾಡಿಸಿದೆ. ಅದೊಂದು ಮಾತಿನ ಉಪಚಾರ ಅಂದುಕೊಂಡಿದ್ದೆ.

ಆಫೀಸಿಗೆ ಬಂದು ಮಾಡಿದ್ದೇನು? ಬೂದಿ ಹಿಡಿದ ಕಾಳು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ತೂಕ ಮಾಡಿ, ಫಾರಂ ತುಂಬಿ, ಕಾಗದದ ಲಕೋಟೆಗೆ ಹಾಕಿ ಚೀಟಿ ಅಂಟಿಸಿದೆ. ಬೂದಿಯನ್ನು ಕಿಟಕಿಯಾಚೆ ಕೊಡವಿದೆ. ಓದಿದವಳ ಜಾಣತನ!

ಈಗ ಲಕೋಟೆ ಬಿಚ್ಚಿದರೆ ಮೊದಲು ಹಿಟ್ಟು ಉದುರಿತು. ಆಮೇಲೆ ಹುಳ. ಕಾಳಿಗೆಲ್ಲ ಗುಂಡಗೆ ಕೊರೆದ ತೂತು. ಮೇಜಿನ ಮೇಲೆ ಹರಡಿ ಹುಡುಕಿದೆ. ಗಟ್ಟಿ ಇದ್ದವು ಒಂಬತ್ತು. ಮತ್ತೆ ಎಣಿಸಿದೆ, ಒಂಬತ್ತೇ. ನಮ್ಮ ಕೇಂದ್ರದ ಪ್ರಯೋಗದ ಪ್ಲಾಟಿನಲ್ಲಿ ಅದನ್ನು ಬಿತ್ತುವ ಸರದಿ ಇನ್ನೂ ಬಂದಿರಲಿಲ್ಲ. ಅಂದರೆ ಲೋಕದಲ್ಲಿ ಆ ಅಲಸಂದೆ ಇದ್ದದ್ದು ನನ್ನ ಅಂಗೈಯಲ್ಲಿ ಮಾತ್ರ.

ಎರಡು ದಿನ ಅನ್ನ ಸೇರಲಿಲ್ಲ. ಹೆದರಿದವಳಿಗೆ ಕೆಟ್ಟ ಬುದ್ಧಿ ಬೇಗ ಹೊಳೆಯುತ್ತದೆ. ಹೊಸನಗರದ ಕಡೆಯ ಒಂದು ಮನೆಯಿಂದ ತಂದ ಅಲಸಂದೆಯೂ ಅರ್ಧ ಕೆಂಪು, ಅರ್ಧ ಬಿಳುಪು. ಅದರದೊಂದು ಹಿಡಿ ತೆಗೆದು ಒಂಬತ್ತರ ಜೊತೆ ಬೆರೆಸಿಟ್ಟೆ. ವಯಸ್ಸಾದ ಕಣ್ಣಿಗೆ ಏನು ಗೊತ್ತಾದೀತು?

ಆ ಅಮ್ಮ ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಸಾಗರಕ್ಕೆ ಬರುವಾಗ ಮಧ್ಯಾಹ್ನವಾಗಿತ್ತು. ನೀರೂ ಕುಡಿಯದೆ ಕಾಳನ್ನು ಮೇಜಿಗೆ ಸುರುವಿಕೊಂಡು ಹೆಬ್ಬೆರಳಿನಿಂದ ಒಂದೊಂದೇ ಸರಿಸತೊಡಗಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನಾನು ಆ ಬೆರಳನ್ನೇ ನೋಡುತ್ತ ನಿಂತೆ. ಒಂದು, ಎರಡು, ಮೂರು ಕಾಳು ಬೇರೆಯಾದವು. ಒಂಬತ್ತನೆಯದು ಸರಿದ ಮೇಲೆ ಬೆರಳು ನಿಂತಿತು.

"ಇವು ನಮ್ಮನೇವು. ಉಳಿದಿದ್ದು ಎಂತದು ಮಾರಾಯ್ತಿ?"

ಅಳುತ್ತಲೇ ಎಲ್ಲ ಹೇಳಿದೆ, ಬೂದಿ ಒರೆಸಿದ್ದನ್ನೂ ಬೆರಕೆ ಮಾಡಿದ್ದನ್ನೂ. ಬೈದರೆ ಸಾಕಿತ್ತು, ಅವರು ಬೈಯಲಿಲ್ಲ. ಬೆರಕೆಯದೊಂದು ಕಾಳನ್ನು ಎತ್ತಿ ಹಿಡಿದು, "ಹುಳ ತಿಂದಿದ್ರೂ ಪರ್ವಾಗಿರ್ಲಿಲ್ಲ. ಇದನ್ನ ನಮ್ದು ಅಂತ ನಾನು ಬಿತ್ತಿದ್ರೆ?" ಎಂದರು. ಆಮೇಲೆ ಚೀಲದಿಂದ ಬೂದಿಯ ಪೊಟ್ಟಣ ತೆಗೆದು ಒಂಬತ್ತಕ್ಕೂ ಹಚ್ಚಿದರು. ಐದು ತಾವಿಟ್ಟುಕೊಂಡು ನಾಲ್ಕನ್ನು ನನ್ನ ಕಡೆಗೆ ದೂಡಿದರು.

"ಬೇಡಮ್ಮ, ನಂಗೆ ಹೆದ್ರಿಕೆ. ಎಲ್ಲಾ ನೀವೇ ತಗೊಂಡ್ಹೋಗಿ."

"ಆವತ್ತು ಹೆದ್ರಿಕೆ ಇರ್ಲಿಲ್ಲ ನಿಂಗೆ. ಈಗ ಇದೆ. ಇಟ್ಕೊ."

ನಾಲ್ಕನ್ನೂ ಮನೆಯ ಹಿತ್ತಲಲ್ಲಿ ಊರಿದೆ. ಮೂರು ಹುಟ್ಟಿದವು. ಸುತ್ತ ಹಳೇ ಸೊಳ್ಳೆಪರದೆ ಕಟ್ಟಿ, ದಿನಾ ಎದ್ದ ತಕ್ಷಣ ಮುಖ ತೊಳೆಯುವ ಮೊದಲು ಅಲ್ಲಿಗೆ ಓಡುತ್ತೇನೆ. ಎಲೆ ಒಂಚೂರು ಮುದುಡಿದ್ದರೂ ತಿರುಗಿಸಿ ಅಡಿಯಲ್ಲೆಲ್ಲ ಹುಳ ಹುಡುಕುತ್ತೇನೆ.

ಮೊನ್ನೆ ಆ ಅಮ್ಮನ ಫೋನ್ ಬಂತು. ಅವರ ಐದೂ ಸಸಿಗಳನ್ನು ನವಿಲು ಕುಕ್ಕಿ ಹಾಕಿದೆಯಂತೆ.

"ನಿನ್ನವು ಹೆಂಗಿದಾವೆ?" ಎಂದು ಕೇಳಿದರು.

ಮೂರೂ ಹೂ ಬಿಟ್ಟಿವೆ ಎಂದೆ. ಹೇಳುತ್ತಲೇ ಹಿತ್ತಲಿಗೆ ಹೋಗಿ ಸೊಳ್ಳೆಪರದೆಯ ಗಂಟುಗಳನ್ನು ಮತ್ತೊಮ್ಮೆ ಬಿಗಿದೆ.