ಕಣ್ಣು ಕಟ್ಟಿದವರ ಕೈ ಹಿಡಿದವರು

ದೊಡ್ಡಪ್ಪ ಬೋರ್‌ವೆಲ್‌ಗೆಂದು ಗೂಟ ಹೊಡೆಸಿದ್ದು ನಮ್ಮ ಬಾವಿಯ ಪಕ್ಕದಲ್ಲಿ. ಜಾಗ ಅವರದೇ, ಗಡಿ ದಾಟಿರಲಿಲ್ಲ. ಆದರೆ ಅಲ್ಲಿ ಕೊರೆದರೆ ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ ಎಂಬ ಭಯ ಅಮ್ಮನಿಗೆ. ಪಾಲಿನಲ್ಲಿ ನಮಗೆ ಸಿಕ್ಕಿದ ನೀರು ಅದೊಂದೇ.

"ಕಾಯಿ ಎದ್ದು ನಿಂತದ್ದು ಅಲ್ಲಿ. ನಾನೆಂತ ಮಾಡ್ಲಿ?" ಎಂದರು ದೊಡ್ಡಪ್ಪ. ಕಾಣಿಯೂರು ಕಡೆಯಿಂದ ಬಂದಿದ್ದ ನೀರು ನೋಡುವವರೊಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದಾಗ, ಗೂಟದ ಜಾಗದಲ್ಲಿ ಅದು ನೆಟ್ಟಗಾಗಿತ್ತು. ನಾನು ನಂಬುವುದಿಲ್ಲ ಎಂದೆ.

"ಎಂ.ಎಸ್ಸಿ. ಮಾಡಿದವಳಲ್ವಾ ಮಾರಾಯ್ರೆ, ಪರೀಕ್ಷೆ ಆಗ್ಬೇಕು ಇವಳಿಗೆ," ಎಂದು ದೊಡ್ಡಪ್ಪ ನೆರೆದಿದ್ದ ಅಕ್ಕಪಕ್ಕದವರಿಗೆ ಹೇಳಿ, ಹೆಗಲ ಮೇಲಿನ ಬೈರಾಸಿನಿಂದ ಆ ಮನುಷ್ಯನ ಕಣ್ಣು ಕಟ್ಟಿದರು. ಗೂಟ ಕಿತ್ತರು. ತಾವೇ ಮೊಣಕೈ ಹಿಡಿದು ನಡೆಸಿದರು. ಕಾಯಿ ಮತ್ತೆ ಅಲ್ಲೇ ಎದ್ದಿತು.

"ಈಗೆಂತ ಹೇಳ್ತೀ?"

"ನಡೆಸಿದ್ದು ನೀವು. ಜಾಗ ನಿಮಗೆ ಗೊತ್ತುಂಟು."

"ನಾನು ಮೋಸ ಮಾಡಿದೆ ಅಂತಲಾ?"

ಹಾಗೆ ಅನ್ನಲಿಲ್ಲ. ಗೊತ್ತಿದ್ದವರ ಕೈ ಅವರಿಗೇ ತಿಳಿಯದೆ ಆ ಜಾಗದಲ್ಲಿ ನಿಧಾನವಾಗಬಹುದು ಎಂದೆ. ನಾನು ಹಿಡಿದರೂ ಅದೇ ತೊಂದರೆ. "ಯಾರೂ ಹಿಡಿಯುದು ಬೇಡ. ಅವರನ್ನು ನಿಂತಲ್ಲೇ ಸುತ್ತು ತಿರುಗಿಸಿ, ದಿಕ್ಕು ತಪ್ಪಿಸಿ ಬಿಡಿ. ನಾವೆಲ್ಲ ಬಾಯಿ ಮುಚ್ಚಿ ನಿಲ್ಲುವ."

"ಮೊದಲು ನಿನ್ನದು ಮುಚ್ಚು," ಎಂದರು ದೊಡ್ಡಮ್ಮ, ಒಳಗಿನಿಂದ.

ನೀರು ನೋಡುವವರಿಗೇ ರೋಷ ಬಂತು. ಒಬ್ಬರೇ ಹೊರಟರು. ಕಾಯಿ ದೊಡ್ಡಪ್ಪನ ಕೊಟ್ಟಿಗೆಯ ಹಿಂದೆ ಎದ್ದಿತು. ಇನ್ನೊಮ್ಮೆ ನಡೆದಾಗ ಗೇಟಿನ ಬಳಿ. ಯಾರೋ ಕಿಸಕ್ಕೆಂದರು. ಅವರು ಬೈರಾಸು ಬಿಚ್ಚಿ ನನ್ನತ್ತ ನೋಡಿ, "ಕಾಯಿಗೆ ದೃಷ್ಟಿ ತಾಗಿದೆ," ಎಂದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು.

ಅಷ್ಟು ಜನರ ಎದುರು ಆದದ್ದರಿಂದ ದೊಡ್ಡಪ್ಪ ಮತ್ತೆ ಬಾವಿಯ ಬಳಿಗೆ ಬರಲಿಲ್ಲ. ಕೊಟ್ಟಿಗೆಯ ಹಿಂದೆ ಕೊರೆಸಿದರು. ನೀರು ಬಂತು. ಈಗ ಮನೆಗೆ ಬಂದವರನ್ನೆಲ್ಲ ಅಲ್ಲಿಗೆ ಕರೆದೊಯ್ದು, ನನಗೆ ಕೇಳಿಸುವಂತೆ ಹೇಳುತ್ತಾರೆ: "ಪರೀಕ್ಷೆ ಇವಳದ್ದೇ. ಕಣ್ಣು ಕಟ್ಟಿ, ಯಾರೂ ಹಿಡಿಯದೆ. ಕಾಯಿ ಹೇಳಿದ್ದು ಸುಳ್ಳಾಯ್ತಾ?"

ಕಾಯಿ ಏಳದ ಕಡೆ ಯಾರೂ ಕೊರೆದು ನೋಡಿಲ್ಲ, ಅಲ್ಲಿಯೂ ನೀರಿರಬಹುದು. ಗೇಟಿನ ಮಾತನ್ನು ಅವರು ಎತ್ತುವುದೇ ಇಲ್ಲ. ಎರಡನ್ನೂ ಅವರ ಮುಖದೆದುರೇ ಹೇಳಬೇಕೆನಿಸುತ್ತದೆ. ಆದರೆ ನನ್ನ ಮಾತನ್ನು ಸುಳ್ಳು ಮಾಡಲು ಅವರು ಇನ್ನೊಂದು ಕಡೆ ಕೊರೆಸಲು ಹೇಸುವವರಲ್ಲ, ನಮ್ಮ ಬಾವಿಯ ಪಕ್ಕದ ಆ ಗೂಟದ ಗುಳಿ ಇನ್ನೂ ಮುಚ್ಚಿಲ್ಲ.

ಕೊಡಪಾನ ಬಾವಿಗಿಳಿಸುತ್ತೇನೆ.